ಬಾಗಿಲಲ್ಲಿ ಬಗ್ಗುತ್ತಿದ್ದ ತಾರಬಾಬು

ಮೊನ್ನೆ ಹಬ್ಬಕ್ಕೆ ಬಂದಾಗ ನೀವು ಮೊಮ್ಮಕ್ಕಳು ನಮ್ಮ ಲಟ್ಟಣಿಗೆಯನ್ನು ಹೊರಳಿಸಿ ಹೊರಳಿಸಿ ನೋಡಿ, ಇದೇಕೆ ಇಷ್ಟು ದಪ್ಪ, ಇದರ ಒಂದು ತುದಿಗೆ ಸುಟ್ಟ ಗೆರೆ ಏಕೆ ಎಂದು ಕೇಳಿದಿರಿ. ಹೋಳಿಗೆ ಸೀಯುತ್ತದೆ ಎಂದು ನೆವ ಹೇಳಿ ನಾನು ಒಳಗೆ ಎದ್ದುಹೋದೆ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಈ ವಯಸ್ಸಿನಲ್ಲೂ ಬಾರದು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ದೊಡ್ಡಾಯಿ ಶರಣಕ್ಕ ತೀರಿಕೊಂಡು ವರ್ಷವಾಯಿತು. ಆಕೆ ಇರುವ ತನಕ ಇದನ್ನು ಹೇಳುವ ಹಕ್ಕು ನನ್ನದಾಗಿರಲಿಲ್ಲ.

ಆ ಲಟ್ಟಣಿಗೆಯನ್ನು ಮಾಡಿಸಿಕೊಟ್ಟವರು ವಾಡಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ತಾರಬಾಬು. ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಕೆಲಸದವರಾದ್ದರಿಂದ ಓಣಿಗೆಲ್ಲ ಅವರು ತಾರಬಾಬು. ಹೆಸರು ನನಗೆ ಗೊತ್ತಿದೆ. ಬರೆಯುವುದಿಲ್ಲ. ಯಾವ ಕಾಗದದ ಮೇಲೂ ತನ್ನ ಹೆಸರು ಉಳಿಯಬಾರದು ಎಂದು ಬದುಕಿದ ಮನುಷ್ಯ ಅವರು.

ನಾನು ಕಾಳಗಿ ಹತ್ತಿರದ ಹಳ್ಳಿಯವಳು. ಮಠದ ಅಯ್ಯನವರ ಶಾಲೆಯಲ್ಲಿ ಓದು ಬರಹ ಕಲಿತಿದ್ದೆ. ರಜಾಕಾರರ ಗದ್ದಲ ಮುಗಿದು ರೈಲುಗಳು ಮತ್ತೆ ಹೊತ್ತಿಗೆ ಸರಿಯಾಗಿ ಓಡತೊಡಗಿದ ಮೇಲೆ ನನ್ನನ್ನು ವಾಡಿಗೆ ಕೊಟ್ಟರು. ನಿಮ್ಮ ಅಜ್ಜನಿಗೆ ಶಹಾಬಾದದ ಹಾಸುಗಲ್ಲುಗಳನ್ನು ಗೂಡ್ಸ್ ಗಾಡಿಗೆ ಹೇರಿಸುವ ಕೆಲಸ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತೆ ನನ್ನ ನೆಗೆಣ್ಣಿ ಶರಣಕ್ಕ. ಶರಣಕ್ಕನ ಗಂಡ, ಅಂದರೆ ನನ್ನ ಭಾವ, ದೊಡ್ಡ ಯುದ್ಧದ ಕಾಲಕ್ಕೆ ಫೌಜು ಸೇರಿ ಬರ್ಮಾಕ್ಕೆ ಹೋದವರು ಯುದ್ಧ ಮುಗಿದರೂ ಬಂದಿರಲಿಲ್ಲ. ಲಾಪತ್ತಾ ಎಂದು ಒಂದು ಕಾಗದ ಮಾತ್ರ ಬಂದಿತ್ತಂತೆ. ಎಲ್ಲಿದ್ದಾನೋ ತಿಳಿಯದು ಎಂದು ಅದರ ಅರ್ಥ. ಅತ್ತೆ ಅದನ್ನು ತಮಗೆ ಬೇಕಾದಂತೆ ಹಿಡಿದುಕೊಂಡಿದ್ದರು. ತಿಳಿಯದು ಅಂದಮೇಲೆ ಸತ್ತಿಲ್ಲ. ಹೀಗಾಗಿ ದಿನಾ ಬೆಳಗ್ಗೆ ಶರಣಕ್ಕ ಹಣೆಗೆ ಕುಂಕುಮ ಇಟ್ಟುಕೊಳ್ಳಬೇಕು, ಅತ್ತೆ ಆಕೆಯನ್ನು ಹತ್ತಿರ ಕರೆದು ಅದನ್ನು ನೋಡಬೇಕು. ಕಣ್ಣಿಗೆ ಪೊರೆ ಬಂದು ಕಾಣಿಸದಾದ ಮೇಲೆ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ಆ ಮನೆಯ ಬಾಗಿಲಿನ ಬಗ್ಗೆ ಹೇಳಬೇಕು. ಬಾಗಿಲ ಮೇಲೆ ದಪ್ಪನೆಯ ಕರಿಯ ಹಾಸುಗಲ್ಲೊಂದನ್ನು ಅಡ್ಡ ಕೂರಿಸಿದ್ದರು, ಅದೂ ಬಹಳ ತಗ್ಗಿಗೆ. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲೆಗೆ ಬರುವವರಿಗೆ ಅದು ಕಾಣುತ್ತಿರಲಿಲ್ಲ. ಹೊಸದಾಗಿ ಬಂದ ಯಾರೇ ಆಗಲಿ, ಹಣೆ ಬಡಿದುಕೊಳ್ಳದೆ ಒಳಗೆ ಬಂದದ್ದಿಲ್ಲ. ಮದುಮಗಳಾಗಿ ಸೇರೊದ್ದು ಬಂದ ದಿನ ನಾನೂ ಬಡಿದುಕೊಂಡಿದ್ದೆ. ಅತ್ತೆ ಒಳಗೆ ಕುಳಿತೇ ಆ ಸದ್ದಿನ ಮೇಲೆ ಆಳನ್ನು ಹೇಳುತ್ತಿದ್ದರು.

"ಹಗುರಾಗಿ ಬಡಕೊಂಡ. ಮಠದ ಮಂದಿ ಇರಬೇಕು, ಮೈಯಾಗ ಏನೂ ಇಲ್ಲ ಅವಕ್ಕ" ಎನ್ನುತ್ತಿದ್ದರು. ಒಮ್ಮೊಮ್ಮೆ ನಿಜವೂ ಆಗಿರುತ್ತಿತ್ತು.

ತಾರಬಾಬು ಎದುರು ಮನೆಗೆ ಬಂದ ದಿನ ಬಾವಿಯ ಹಗ್ಗ ಕೇಳಲು ನಮ್ಮಲ್ಲಿಗೆ ಬಂದರು. ಎತ್ತರದ, ತೆಳ್ಳಗಿನ ಆಳು. ಹೊರಗಿನಿಂದ ಕೂಗಿ, ಅತ್ತೆ ಬಾ ಎಂದ ಮೇಲೆ ಒಳಗೆ ಬಂದರು. ಬರುವಾಗ ಮೇಲೆ ನೋಡಲಿಲ್ಲ, ಕೈಯಿಂದ ತಡಕಲೂ ಇಲ್ಲ. ಸರಿಯಾಗಿ ಆ ಕಲ್ಲಿನ ಕೆಳಗೆ ತಲೆ ಬಗ್ಗಿಸಿ, ದಾಟಿ, ಮತ್ತೆ ನೆಟ್ಟಗಾದರು.

"ಯಾ ಊರಾವಪ್ಪ?" ಎಂದು ಅತ್ತೆ ಕೇಳಿದರು.

"ಚಿಂಚೋಳಿ ಕಡೀ ಹಳ್ಳಿ ರಿ ಯವ್ವ."

"ಹೆಂಡ್ತಿ ಮಕ್ಕಳು?"

"ಇಲ್ಲ ರಿ."

"ಈ ವಯಸ್ಸಿನ್ಯಾಗ ಒಬ್ಬನ ಇರ್ತೀಯಾ? ಕುಂದ್ರು. ರೊಟ್ಟಿ ತಿಂದು ಹೋಗು."

ಅವರು ಹೋದ ಮೇಲೆ ಶರಣಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, "ತಂಗಿ, ಅವ್ರ ತಲಿ ಬಡೀಲಿಲ್ಲ ನೋಡು" ಎಂದಳು. ನಾನು ಅದನ್ನು ಗಮನಿಸಿರಲೂ ಇಲ್ಲ.

ತಾರಬಾಬುಗಳ ಒಂದು ಚಾಳಿ ಓಣಿಯವರಿಗೆ ನಗೆಯ ವಿಷಯವಾಗಿತ್ತು. ಅವರು ಕಾಗದ ಉಳಿಸುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಹಾಳೆಯನ್ನೂ ಒಲೆಗೆ ಹಾಕಿ, ಬೂದಿಯನ್ನು ಬೆರಳಿನಿಂದ ಹಿಟ್ಟು ಮಾಡಿ, ಅಂಗಳಕ್ಕೆ ಚೆಲ್ಲುವರು. ಸುಟ್ಟ ಹಾಳೆಯ ಮೇಲೂ ಅಕ್ಷರ ಓದಲು ಬರುತ್ತದಂತೆ, ಬೂದಿ ಪುಡಿಯಾಗುವ ತನಕ ಸುಟ್ಟಂತಲ್ಲವಂತೆ.

"ಬಾಬುಗಳೇ, ಚಾ ಕುಡದ ಮ್ಯಾಲ ಕಪ್ಪನೂ ಸುಡ್ತೀರೇನು?" ಎಂದು ನಿಮ್ಮ ಅಜ್ಜ ಅವರನ್ನು ಕಾಡಿಸುವರು.

"ಕಪ್ಪಿನ ಮ್ಯಾಲ ಯಾರರ ಬರದಿದ್ರ ಸುಡ್ತೀನಿ" ಎಂದು ಅವರೂ ನಗುತ್ತಿದ್ದರು.

ಇನ್ನೊಂದು ಚಾಳಿ ಇತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಏನಾದರೂ ಕೇಳಿದಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳುವರು. ಗೊತ್ತಿದ್ದು ಹೇಳಲು ಬಾರದ ಮಾತಾದರೆ ಸುಮ್ಮನಾಗುವರು. ಸ್ಟೇಷನ್ನಿಗೆ ಯಾರ ಮನೆಯ ಸಾವಿನ ತಂತಿ ಬಂದರೂ ಮೊದಲು ತಿಳಿಯುವುದು ಅವರಿಗೆ. ಆ ಮನೆಯವರಿಗೆ ಅದು ಮುಟ್ಟುವ ಮೊದಲು ಓಣಿಯಲ್ಲಿ ಯಾರಾದರೂ "ಏನ್ರಿ ಸುದ್ದಿ?" ಎಂದರೆ ಗಡಿಯಾರ ನೋಡುವರು, ಮಾತೇ ಇಲ್ಲ. ಹೀಗಾಗಿ ತಾರಬಾಬು ಸುಮ್ಮನಾದರೆ ಯಾರಿಗೋ ಏನೋ ಆಗಿದೆ ಎಂದು ಹೆಂಗಸರು ಮಾತಾಡಿಕೊಳ್ಳುವಂತಾಯಿತು. ಅವರಿಗೆ ಅದು ತಿಳಿದಿರಲಿಲ್ಲ.

ಅವರು ಫೌಜಿನಲ್ಲಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನು ಮಾಡುತ್ತಿದ್ದಿರಿ ಎಂದರೆ, "ಬರದದ್ದನ್ನ ಕೆಡಸೋದು, ಕೆಟ್ಟದ್ದನ್ನ ಓದೋದು" ಎನ್ನುವರು. ಗುಪ್ತ ಬರಹದ ಕೆಲಸ. ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡು ಆ ಕೋಣೆಯೊಳಗೆ ಬಿಡುತ್ತಿದ್ದರಂತೆ. "ನಮ್ಮ ಕಾಲದ್ದು ಹೇಳಲಿಕ್ಕ ಬರಲ್ಲ. ಹಳೇದು ಹೇಳಬಹುದು, ಅದು ಯಾರ ಮನ್ಯಾಗೂ ಅಳು ತರಲ್ಲ" ಎಂದು ಹೇಳಿ, ಸಂಜೆ ಕಟ್ಟೆಯ ಮೇಲೆ ಕುಳಿತು ಹಳೆಯ ರಾಜರ ಕಾಲದ ಯುಕ್ತಿಗಳನ್ನು ತಾವೇ ಮಾಡಿ ತೋರಿಸುವರು. ಎರಡು ಡಬ್ಬಿಯ ಮುಚ್ಚಳಗಳನ್ನು ಒಂದರೊಳಗೊಂದು ಕೂರಿಸಿ, ಸುತ್ತಲೂ ಅಕ್ಷರ ಬರೆದು, ಒಳಗಿನದನ್ನು ತಿರುಗಿಸಿದರೆ ಒಂದು ಅಕ್ಷರಕ್ಕೆ ಇನ್ನೊಂದು ಎದುರಾಗುವುದು. ತೂತು ಕೊರೆದ ರಟ್ಟನ್ನು ಒಂದು ಉದ್ದ ಬರಹದ ಮೇಲೆ ಇಟ್ಟರೆ ತೂತಿನಲ್ಲಿ ಕಂಡದ್ದೇ ನಿಜವಾದ ಮಾತು. ಈಗ ದೊಡ್ಡ ದೊಡ್ಡ ಆಫೀಸುಗಳಲ್ಲಿ ಟೈಪು ಹೊಡೆಯುವ ಯಂತ್ರದಂಥ ಪೆಟ್ಟಿಗೆ ಇರುತ್ತದೆ, ನೀವು ಒತ್ತುವ ಅಕ್ಷರ ಬೇರೆ, ಅದು ಹೊಡೆಯುವುದು ಬೇರೆ ಎಂದೂ ಒಮ್ಮೆ ಹೇಳಿದ್ದರು. ಅಷ್ಟು ಹೇಳಿ ನಿಲ್ಲಿಸಿದರು.

ಎಲ್ಲಕ್ಕಿಂತ ಹಳೆಯದು ಕೋಲು. ಒಂದು ಕೋಲಿಗೆ ಉದ್ದನೆಯ ಪಟ್ಟಿಯನ್ನು ಒತ್ತೊತ್ತಾಗಿ ಸುತ್ತಿ, ಕೋಲಿನ ಉದ್ದಕ್ಕೆ ಬರೆದು, ಪಟ್ಟಿ ಬಿಚ್ಚಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅಷ್ಟೇ ದಪ್ಪದ ಇನ್ನೊಂದು ಕೋಲು ಯಾರ ಹತ್ತಿರ ಇದೆಯೋ ಅವನು ಸುತ್ತಿ ಓದಬೇಕು. ಅದನ್ನು ತೋರಿಸಲು ಬಡಗಿಯ ಹತ್ತಿರ ಒಂದೇ ಅಳತೆಯ ಎರಡು ಲಟ್ಟಣಿಗೆ ಮಾಡಿಸಿ ಒಂದನ್ನು ನಮಗೆ ಕೊಟ್ಟರು. ಪಟ್ಟಿ ಎಲ್ಲಿಂದ ಸುತ್ತಬೇಕು ಎಂಬುದಕ್ಕೆ ಕಾದ ತಂತಿಯಿಂದ ಗೆರೆ ಎಳೆದಿದ್ದರು. ನೀವು ಕಂಡದ್ದು ಆ ಗೆರೆ.

ನನಗೆ ಅದು ಎಂಥ ಸಂತೋಷ ತಂದಿತೆಂದು ನಿಮಗೆ ಹೇಗೆ ಹೇಳಲಿ. ಹಿರಿಯರ ಮುಂದೆ ಬಾಯಿ ಬಾರದ ಸೊಸೆ ನಾನು. ಹಳೆಯ ಸೀರೆಯ ಅಂಚು ಹರಿದು, ಲಟ್ಟಣಿಗೆಗೆ ಸುತ್ತಿ, ಇದ್ದಲಿಯಿಂದ ಬರೆದು ಎದುರು ಮನೆಗೆ ಕಳಿಸುತ್ತಿದ್ದೆ. ಒತ್ತಕ್ಷರ ಒಂದು ಸುತ್ತಿನಿಂದ ಇನ್ನೊಂದಕ್ಕೆ ಜಾರದಂತೆ ನೋಡಿಕೊಳ್ಳಬೇಕು. "ಪುಂಡಿಪಲ್ಯ ಮಾಡೀವಿ, ಬರ್ರಿ" ಎಂದು ನಾನು ಬರೆದರೆ, "ಖಾರ ಕಡಿಮಿ ಇದ್ರ ಬರ್ತೀನಿ" ಎಂದು ಅದೇ ಪಟ್ಟಿಯ ಹಿಂದೆ ಉತ್ತರ ಬರುತ್ತಿತ್ತು. ಶರಣಕ್ಕನಿಗೂ ನಾನು ಅಕ್ಷರ ಕಲಿಸತೊಡಗಿದೆ. ಅತ್ತೆ ಮಾತ್ರ, "ಲಟ್ಟಣಿಗಿಗಿ ಸೀರಿ ಉಡಸ್ತಾರ ಈ ಹುಚ್ಚರು. ಹೋಳಿಗಿ ಮಾಡೋದು ಯಾವಾಗ?" ಎಂದು ಬೈಯುವರು.

ಒಂದು ದಿನ ಶರಣಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ತಾರಬಾಬು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಈ ಗುಪ್ತ ಬರಹವನ್ನು ವೈರಿಗಳು ಓದುವುದು ಹೇಗೆ ಎಂದು ಆಕೆ ಕೇಳಿದಳು.

ಅವರು ಮೊರದ ಕಡೆಗೆ ಕೈ ತೋರಿಸಿದರು. "ಅಕ್ಕ, ಅಕ್ಕಿ ಅಂದ್ರ ನಮ್ಮ ಮಾತು ಅನ್ನಿ. ಅದರಾಗ ಬೇಕಂತ ಕಲ್ಲು ಕಲಸಿ ಕಳಸ್ತೀವಿ. ಯಾವ ಕಲ್ಲು ಕಲಸೀವಿ ಅನ್ನೋದು ಒಂದು ಹಾಳಿ ಮ್ಯಾಲ ಇರ್ತದ. ಆ ಹಾಳಿ ಇದ್ದವ ಕಲ್ಲು ಆರಸಿ ಒಗದು ಅಕ್ಕಿ ತಿಂತಾನ. ಉಳದವ್ರಿಗಿ ಕಲ್ಲು ಯಾವುದು, ಅಕ್ಕಿ ಯಾವುದು ತಿಳ್ಯಂಗಿಲ್ಲ."

"ಎಂದೂ ತಿಳ್ಯಂಗಿಲ್ಲೇನು?"

"ಒಂದು ಹಾಳಿ ಒಂದೇ ಸಲ. ಬಳಸಬೇಕು, ಸುಡಬೇಕು. ಅದೇ ಕಲ್ಲು ಎರಡನೇ ಮೊರದಾಗೂ ಹಾಕಿದ್ವಿ ಅನ್ನಿ. ಎರಡೂ ಮೊರ ಬಾಜೂಕ ಇಟ್ಟು ನೋಡಿದವಗ ಎರಡೂ ಕಡೀ ಒಂದೇ ನಮೂನಿ ಇದ್ದದ್ದು ಕಾಣ್ತದ. ಬೀಗದ ಕೈ ಬೇಕಾಗಿಲ್ಲ ಅವಗ. ಒಂದು ಕೆಲಸ ನೀವು ಎರಡು ಸಲ ಒಂದೇ ರೀತಿ ಮಾಡಿದ್ರಿ ಅಂದ್ರ ನಿಮ್ಮನ್ನ ಓದಿದ ಅಂತ ತಿಳೀರಿ. ಆಮ್ಯಾಲ ಮಂದಿ..."

ಅಲ್ಲಿಗೆ ನಿಂತರು. ಚಹಾ ಅರ್ಧ ಉಳಿದಿತ್ತು. ಕಪ್ಪು ಕೆಳಗಿಟ್ಟು ಎದ್ದು ಮನೆಗೆ ಹೋದರು. ಶರಣಕ್ಕ ಆರಿಸಿದ ಕಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಎದುರು ಮನೆಯ ಬಾಗಿಲನ್ನು ನೋಡುತ್ತಿದ್ದಳು.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಉಣ್ಣುವುದು ನಮ್ಮ ಕಡೆಯ ಪದ್ಧತಿಯಲ್ಲವೇ. ಆ ವರ್ಷ ಕಾಗಿಣಾ ದಂಡೆಯ ಹೊಲಕ್ಕೆ ಅವರನ್ನೂ ಕರೆದುಕೊಂಡು ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹರವಿಕೊಂಡು ಎಲ್ಲರೂ ನದಿಯ ಕಡೆ ಮುಖ ಮಾಡಿ ಕುಳಿತರೆ, ತಾರಬಾಬು ಮಾತ್ರ ನದಿಗೆ ಬೆನ್ನು ಕೊಟ್ಟು ಕುಳಿತರು. ನಿಮ್ಮ ಅಜ್ಜ ಕೈ ತೊಳೆಯಲು ನೀರಿಗೆ ಕರೆದಾಗ ತಂಬಿಗೆಯ ನೀರಿನಲ್ಲೇ ತೊಳೆದುಕೊಂಡರು. ಇದನ್ನೂ ಕಂಡವಳು ಶರಣಕ್ಕ.

ಆಮೇಲೆ ಸ್ವಲ್ಪ ದಿನಕ್ಕೆ ಸೂಲೇಪೇಟದಿಂದ ಶರಣಕ್ಕನ ಅಣ್ಣ ಬಂದ. ಬರುವಾಗ ಹಣೆ ಬಡಿದುಕೊಂಡ. ತವರಿನವನಾಗಿ ಇಷ್ಟು ಸಲ ಬಂದರೂ ಇನ್ನೂ ಕಲಿತಿಲ್ಲ ಎಂದು ಅತ್ತೆ ಒಳಗಿನಿಂದಲೇ ಅಣಕಿಸಿದರು. ಅವನು ಹಣೆ ಉಜ್ಜಿಕೊಳ್ಳುತ್ತ ಹಿತ್ತಲಿಗೆ ಬಂದು ತಂಗಿಗೆ ಬಂದ ಕಾರಣ ಹೇಳಿದ. ಅವರ ಊರಿನಲ್ಲಿ ಹೆಂಡತಿ ಸತ್ತ ಒಬ್ಬ ಒಕ್ಕಲಿಗನಿದ್ದ. ಒಳ್ಳೆಯವನು, ಹೊಲ ಇದೆ. ಶರಣಕ್ಕನನ್ನು ಉಡಿಕಿ ಮಾಡಿಕೊಳ್ಳಲು ಒಪ್ಪಿದ್ದ. ಗಂಡ ಸತ್ತವಳಿಗೆ ಸೀರೆ ಉಡಿಸಿ ಎರಡನೆಯ ಸಲ ಮನೆ ತುಂಬಿಸಿಕೊಳ್ಳುವ ಆ ಪದ್ಧತಿ ನಮ್ಮಲ್ಲಿ ಇತ್ತು, ತಪ್ಪೆಂದು ಯಾರೂ ಅನ್ನುತ್ತಿರಲಿಲ್ಲ. ಆದರೆ ಗಂಡ ಸತ್ತವಳಿಗೆ ಮಾತ್ರ.

"ಸತ್ತಾನಂತ ಹೇಳವ್ರು ಯಾರು?" ಎಂದಳು ಶರಣಕ್ಕ.

"ಇಷ್ಟು ವರ್ಷ ಆತು. ಅದಾನಂತ ಹೇಳವ್ರಾದ್ರೂ ಯಾರದಾರ? ನಿನ್ನ ವಯಸ್ಸು ನಿಂದ್ರತದೇನು ಶರಣಿ?"

ಅಣ್ಣ ಅಮಾವಾಸ್ಯೆಯೊಳಗೆ ತಿಳಿಸು ಎಂದು ಹೇಳಿ ಹೋದ. ನನಗೆ ಆಗ ತಿಳಿಯಿತು, ಆಕೆಗೂ ಒಂದು ಮನೆ ಬೇಕಿತ್ತು. ಮಗು ಬೇಕಿತ್ತು. ನನ್ನ ಬಾಣಂತನದಲ್ಲಿ ನಿಮ್ಮ ಅಪ್ಪನನ್ನು ಆಕೆ ಎತ್ತಿಕೊಳ್ಳುತ್ತಿದ್ದ ರೀತಿ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಮರುದಿನ ಆಕೆ ಲಟ್ಟಣಿಗೆ ತಂದು ನನ್ನ ಮುಂದೆ ಇಟ್ಟಳು.

"ತಂಗಿ, ಒಂದು ಪಟ್ಟಿ ಬರಿ. ನನ್ನ ಅಕ್ಷರ ಇನ್ನ ಸೊಟ್ಟ ಬರ್ತಾವ."

"ಏನಂತ ಬರೀಲಿ ಅಕ್ಕ?"

"ನಮ್ಮವ್ರು ಅದಾರೋ ಇಲ್ಲೋ ಅಂತ. ಅಷ್ಟೇ ಸಾಕು."

"ತಾರಬಾಬುಗಳಿಗೇನು ಗೊತ್ತಿರ್ತದ ಅಕ್ಕ?"

"ತಲಿ ಬಡೀಲಾರದ ಒಳಗ ಬಂದವ್ರು ಅವ್ರು" ಎಂದಳು.

ಬರೆದೆ. ಇದ್ದಲಿ ಮುರಿಯಿತು, ಇನ್ನೊಂದು ತಂದು ಬರೆದೆ.

ಪಟ್ಟಿ ಹೋದ ಮಧ್ಯಾಹ್ನ ಅತ್ತೆ ಮಠಕ್ಕೆ ಹೋಗಿದ್ದರು. ತಾರಬಾಬು ಕೆಲಸ ಮುಗಿಸಿ ನೇರ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ಬಗ್ಗಿದರು, ಒಳಗೆ ಬಂದು ಕುಳಿತರು. ಪಟ್ಟಿ ಅವರ ಕೈಯಲ್ಲೇ ಇತ್ತು. ಬರೆದದ್ದನ್ನು ಅವರು ಸುಡದೆ ಇಟ್ಟುಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಶರಣಕ್ಕ ಎದುರು ಗೋಡೆಗೆ ಒರಗಿ ನಿಂತಿದ್ದಳು. "ಅಣ್ಣಾರ, ಗೊತ್ತಿಲ್ಲದ್ದಕ್ಕ ನೀವು ಗೊತ್ತಿಲ್ಲ ಅಂತೀರಿ. ಈಗೂ ಹಂಗ ಅಂದುಬಿಡ್ರಿ. ನಾ ಮತ್ತ ಎಂದೂ ಕೇಳಂಗಿಲ್ಲ."

ಅವರು ಗಡಿಯಾರದ ಕಡೆ ನೋಡಿದರು. ಜಂಕ್ಷನ್ನಿನಲ್ಲಿ ಯಾವುದೋ ಎಂಜಿನ್ನು ಕೂಗಿ, ನೀರು ತುಂಬಿಸಿಕೊಂಡು, ಹೊರಟಿತು. ಅದರ ಸದ್ದು ಪೂರ್ತಿ ಹೋಗುವ ತನಕ ಅವರು ಒಂದು ಮಾತೂ ಆಡಲಿಲ್ಲ.

"ಆತು" ಎಂದಳು ಶರಣಕ್ಕ. ಆಮೇಲೆ, "ಹೊಳ್ಯಾಗೇನು?" ಎಂದು ಕೇಳಿದಳು.

ಅವರು ಪಟ್ಟಿ ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡರು. ಆಣೆ ಮಾಡಿದ ಮನುಷ್ಯ ಅಷ್ಟೇ ಹೇಳಿದ್ದು. ಆಮೇಲೆ ಅವರು ಆಡಿದ ಮಾತು ಭಾವನ ಬಗ್ಗೆ ಅಲ್ಲ, ತಮ್ಮ ಬಗ್ಗೆ.

"ಒಂದು ದಿನ ಹಾಳಿ ತೀರಿದ್ವು ಅಕ್ಕ. ಹೇಸರಗತ್ತಿ ಮ್ಯಾಲ ಬರಬೇಕಾದವು ಬರಲಿಲ್ಲ, ಮಳಿ ಭಾಳ ಇತ್ತು. ಯಾವ ದಂಡೀಲಿಂದ ಮಂದಿ ದಾಟಬೇಕು ಅನ್ನೋದು ತುರ್ತು ಕಳಸಬೇಕಿತ್ತು. ಮ್ಯಾಲಿನವ್ರು ನಿನ್ನೀ ಹಾಳಿನೇ ಮತ್ತ ಬಳಸು ಅಂದ್ರು. ನಿನ್ನೀದು ಸುಟ್ಟಿದ್ರ ಅವ್ರು ಹಂಗ ಅಂತಿರಲಿಲ್ಲ. ಸುಡೋ ಕೆಲಸ ನಂದು. ಕಡ್ಡಿಪೆಟಗಿ ತೋಯ್ದಿತ್ತು, ನಾಳಿ ಸುಟ್ರಾತು ಅಂತ ಇಟ್ಟಿದ್ದೆ. ಅದನ್ನೇ ಎರಡನೇ ಸಲ ಬಳಸಿದೆ."

"ಆ ಕಡೀನವ್ರು ಅದನ್ನ ಓದಿದ್ರೇನು?"

"ಗೊತ್ತಿಲ್ಲಕ್ಕ" ಎಂದರು. "ಸುಮ್ಮ ದಂಡೀಗಿ ಕುಂತಿದ್ರೋ, ಓದೇ ಕುಂತಿದ್ರೋ. ಯಾರಿಗಿ ಕೇಳ್ಲಿ ನಾ? ಗೊತ್ತಿಲ್ಲ."

ಅವರು ಗೊತ್ತಿಲ್ಲ ಎಂದದ್ದನ್ನು ಎಷ್ಟೋ ಸಲ ಕೇಳಿದ್ದೆ. ಅಂಥ ಗೊತ್ತಿಲ್ಲ ಕೇಳಿರಲಿಲ್ಲ. ಭಾವನೂ ಅವರೂ ಅಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಸೀಮೆಯವರು ಎಂದು ಕೂಡಿದ್ದವರು ಎಂಬುದು ಅವರು ಹೇಳದೆಯೇ ತಿಳಿಯಿತು. ಆ ಬಾಗಿಲಿನ ಮಾತನ್ನು ಭಾವ ನಗುತ್ತ ಹೇಳಿರಬೇಕು. ನಮ್ಮ ಮನೀಗಿ ಬಂದ್ರ ಬಗ್ಗಿ ಬಾ ಎಂದು ಕರೆದೂ ಇರಬೇಕು.

ಶರಣಕ್ಕ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಮುಂದೆ ಇಟ್ಟಳು. "ಕುಡೀರಿ. ನೀವು ಬೇಕಂತ ಮಾಡಿಲ್ಲ. ಆದ್ರ ಅತ್ತಿಗಿ ಇದು ಗೊತ್ತಾಗಬಾರದು. ಅವ್ರು ಬದುಕಿರೋದು ಮಗ ಅದಾನ ಅನ್ನೋದರ ಮ್ಯಾಲ."

"ಮತ್ತ ನಿಮ್ಮ ಬದುಕು, ಅಕ್ಕ?"

"ಸೂಲೇಪೇಟಕ್ಕ ಹೋಗಬೇಕಂದ್ರ ಯಾಕಂತ ಅತ್ತಿಗಿ ಹೇಳಬೇಕಲ್ಲ" ಎಂದಳು.

ಪಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಒಲೆಗೆ ಹಾಕಿದವಳು ಆಕೆಯೇ. ಬೂದಿಯನ್ನು ಬೆರಳಿನಿಂದ ಪುಡಿ ಮಾಡಿದಳು. ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು, ಅಲ್ಲೇ ದನದ ಕೊಟ್ಟಿಗೆಯಲ್ಲಿ ಕುಳಿತು ಅತ್ತಳು. ಅತ್ತೆ ಮಠದಿಂದ ಬರುವ ಹೊತ್ತಿಗೆ ಮುಖ ತೊಳೆದು ರೊಟ್ಟಿ ಬಡಿಯುತ್ತಿದ್ದಳು. ಮರುದಿನ ಬೆಳಗ್ಗೆ ಕುಂಕುಮದ ಭರಣಿ ಹಿಡಿದಾಗ ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು. ನಾನು ನೋಡುತ್ತಿದ್ದೆ. ಅತ್ತೆ ಒಳಗಿನಿಂದ ಕರೆದರು. ಆಕೆ ಇಟ್ಟುಕೊಂಡು ಹೋದಳು. ಅತ್ತೆ ಮುಟ್ಟಿ ನೋಡಿ, "ನನ್ನ ಮಗನ ಆಯುಷ್ಯ ಗಟ್ಟಿ ಅದ" ಎಂದರು.

ಸೂಲೇಪೇಟಕ್ಕೆ ಆಗುವುದಿಲ್ಲ ಎಂದು ಹೇಳಿಕಳಿಸಿದಳು. ಇದು ನಮ್ಮ ಮೂವರಲ್ಲಿ ಉಳಿಯಿತು. ನಿಮ್ಮ ಅಜ್ಜನಿಗೂ ನಾನು ಹೇಳಲಿಲ್ಲ, ಹೇಳಿದ್ದರೆ ಅವರು ತಾಯಿಯ ಮುಂದೆ ತಡೆದುಕೊಳ್ಳುತ್ತಿರಲಿಲ್ಲ. ಗುಪ್ತವಾಗಿ ಇಡುವುದು ಎಂಥ ಕೆಲಸ ಎಂದು ನನಗೆ ಆಗ ತಿಳಿಯಿತು. ತಾರಬಾಬು ಬರಹ ಕೆಡಿಸುವ ಆಟಗಳನ್ನು ಆಮೇಲೆ ಯಾರಿಗೂ ತೋರಿಸಲಿಲ್ಲ. ಕಟ್ಟೆಗೆ ಬರುವುದೂ ಕಡಿಮೆಯಾಯಿತು. ನಾನೊಮ್ಮೆ ಭಜ್ಜಿ ಕೊಡಲು ಹೋದಾಗ, "ತಂಗಿ, ಅರ್ಧ ಭಾರ ಅಕ್ಕನ ಮ್ಯಾಲ ಹೋತು. ನಂಗ ಹಗುರಾಗಬೇಕಿತ್ತು. ಆಗಲಿಲ್ಲ ನೋಡು" ಎಂದರು. ವಾಡಿಗೇ ಹಾಕಿರಿ ಎಂದು ತಾವೇ ಕೇಳಿಕೊಂಡು ಬಂದಿದ್ದರೆಂದು ಸ್ಟೇಷನ್ನಿನವರು ಹೇಳುತ್ತಿದ್ದರು. ಹೇಳಲು ಬಂದಿದ್ದರೋ, ಹೇಳದೆ ಬರೀ ಹತ್ತಿರ ಇರಲು ಬಂದಿದ್ದರೋ, ಅವರಿಗೂ ಸರಿಯಾಗಿ ತಿಳಿದಿರಲಿಕ್ಕಿಲ್ಲ. ನಮ್ಮ ಮನೆಯ ಹಗ್ಗ ಹರಿದರೆ ಹೊಸ ಹಗ್ಗ ತರುವರು. ಅತ್ತೆಗೆ ಕಣ್ಣಿನ ಔಷಧ ತರಿಸುವರು.

ನಿಜಾಮರ ಸೀಮೆ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರುವ ವರ್ಷ ಅವರಿಗೆ ಸಿಕಂದರಾಬಾದದ ಕಡೆ ವರ್ಗವಾಯಿತು. ಹೊರಡುವ ದಿನ ಬೆಳಗ್ಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಜಟಕಾದಲ್ಲಿ ಇಟ್ಟು ಅತ್ತೆಯ ಕಾಲಿಗೆ ಬೀಳಲು ಬಂದರು. ಬಾಗಿಲಲ್ಲಿ ಬಗ್ಗಿದರು. ಅತ್ತೆಗೆ ಆಗ ಪೂರ್ತಿ ಕುರುಡು. ಅವರ ತಲೆ ಸವರಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಕೇಳಿದರು:

"ತಮ್ಮ, ಇಷ್ಟು ವರ್ಷ ನಾ ನಿಂಗೊಂದು ಮಾತು ಕೇಳಲಿಲ್ಲ. ಇವತ್ತ ಕೇಳ್ತೀನಿ. ನನ್ನ ದೊಡ್ಡ ಮಗ ಎಲ್ಲದಾನ?"

ಶರಣಕ್ಕ ಹೊಸ್ತಿಲ ಹತ್ತಿರ ನಿಂತಿದ್ದಳು. ತಾರಬಾಬು ಆಕೆಯ ಹಣೆಯ ಕಡೆ ನೋಡಿದರು. ಸುಮ್ಮನಿದ್ದರೆ ಮುದುಕಿ ಓದಿಬಿಡುತ್ತಾಳೆ ಎಂದು ಅವರಿಗೆ ಆಗ ಹೊಳೆದಿರಬೇಕು.

"ಗೊತ್ತಿಲ್ಲ ರಿ ಯವ್ವ" ಎಂದರು.

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅತ್ತೆ ತಲೆಯ ಮೇಲಿನ ಕೈ ತೆಗೆದು, "ಆತು, ಹೋಗಿ ಬಾ. ಗಾಡಿ ತಪ್ಪೀತು" ಎಂದರು. ಅವರು ಎದ್ದು ಬಾಗಿಲ ಕಡೆ ನಡೆದರು. ಹಣೆ ಆ ಕಲ್ಲಿಗೆ ಬಡಿಯಿತು. ಮನೆಯೆಲ್ಲ ಕೇಳುವಂಥ ಸದ್ದು. ಒಂದು ಗಳಿಗೆ ಕಲ್ಲಿಗೆ ಕೈ ಕೊಟ್ಟು ನಿಂತರು, ಹಿಂದೆ ತಿರುಗಲಿಲ್ಲ, ಹೊರಗೆ ಹೋಗಿ ಜಟಕಾ ಹತ್ತಿದರು.

ಜಟಕಾದ ಗಾಲಿಯ ಸದ್ದು ಓಣಿಯ ತುದಿಗೆ ಹೋಗುವ ತನಕ ಅತ್ತೆ ಕಿವಿಗೊಟ್ಟು ಕುಳಿತಿದ್ದರು. ಆಮೇಲೆ ಶರಣಕ್ಕನನ್ನು ಹತ್ತಿರ ಕರೆದರು.

"ಮೊದಲನೇ ದಿನ ಅವ ಬಗ್ಗಿ ಬಂದಾಗ್ಲೇ ನಂಗ ತಿಳೀತು. ನನ್ನ ಮಗನ ಬಿಟ್ರ ಈ ಬಾಗಲದ ಸುದ್ದಿ ಅವಗ ಯಾರು ಹೇಳ್ಯಾರು? ನನ್ನ ಮಗನ ಬಲ್ಲವ ಇವ, ಒಂದಿನ ತಾನ ಬಾಯಿ ಬಿಡ್ತಾನ ಅಂತ ಕಾದೆ. ಕೇಳಲಿಕ್ಕ ಧೈರ್ಯ ಆಗಲಿಲ್ಲ. ಇವತ್ತ ಅವನ ತಲಿ ಬಡಿತು ಶರಣಿ. ಸುಳ್ಳು ಹೇಳಿ ಹ್ವಾದ."

ಶರಣಕ್ಕ ಅವರ ಮಡಿಲಲ್ಲಿ ಮುಖ ಇಟ್ಟಳು. ಅತ್ತೆ ಬೆರಳಿನಿಂದ ಆಕೆಯ ಹಣೆ ಹುಡುಕಿದರು, ದಿನಾ ಮುಟ್ಟಿ ನೋಡುತ್ತಿದ್ದಂತೆ. ಸೆರಗಿನ ತುದಿಯಿಂದ ಕುಂಕುಮ ತಾವೇ ಒರೆಸಿದರು. "ನಿಂಗ ಮೊದಲೇ ಗೊತ್ತಿತ್ತು. ನನ್ನ ಸಲುವಾಗಿ ಇಟಗೊಂಡಿ. ಹಿತ್ತಲದಾಗ ನಿಮ್ಮಣ್ಣ ಅಂದದ್ದೂ ನಾ ಅವತ್ತ ಕೇಳೀನಿ. ಸಾಕು. ಸೂಲೇಪೇಟಕ್ಕ ಹೇಳಿಕಳಸ್ರಿ" ಎಂದರು.

ಹೇಳಿಕಳಿಸಿದೆವು. ಆ ಒಕ್ಕಲಿಗ ಇನ್ನೊಂದು ಮದುವೆಯಾಗಿ, ಅವನಿಗೆ ಎರಡು ಮಕ್ಕಳಾಗಿದ್ದವು. ಅಣ್ಣ ಬಂದು ಅದನ್ನು ಹೇಳಿದಾಗ ಶರಣಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ಛಲೋ ಆತು. ಮಕ್ಕಳು ಎಂಥವಿದಾವು?" ಎಂದು ಕೇಳಿದಳು.

ಹೀಗೆ ಆಕೆ ನಮ್ಮಲ್ಲೇ ಉಳಿದಳು. ನಿಮ್ಮ ಅಪ್ಪನನ್ನೂ ನಿಮ್ಮನ್ನೂ ಮಡಿಲಲ್ಲಿ ಹಾಕಿಕೊಂಡು ದೊಡ್ಡಾಯಿಯಾದಳು. ತಾರಬಾಬು ಆಮೇಲೆ ಎಲ್ಲಿದ್ದರು, ಯಾವಾಗ ತೀರಿಕೊಂಡರು, ತಿಳಿಯಲಿಲ್ಲ. ಕಾಗದ ಬರೆಯುವವರಲ್ಲ ಅವರು. ಅವರ ಹತ್ತಿರವಿದ್ದ ಜೋಡಿ ಲಟ್ಟಣಿಗೆ ಯಾರ ಮನೆಯಲ್ಲಿದೆಯೋ.

ಅತ್ತೆ ತೀರಿಕೊಂಡ ಮೇಲೆ ನಿಮ್ಮ ಅಜ್ಜ ಆ ಮನೆಯನ್ನು ಬಿಚ್ಚಿ ಕಟ್ಟಿಸಿದರು. ಬಾಗಿಲನ್ನು ಆಳೆತ್ತರಕ್ಕಿಂತ ಎತ್ತರ ಮಾಡಿಸಿದರು. ಯಾರ ತಲೆಯೂ ಬಡಿಯುವುದಿಲ್ಲ ಈಗ. ಆದರೆ ನಿಮ್ಮ ದೊಡ್ಡಾಯಿ ಸಾಯುವ ತನಕ ಆ ಎತ್ತರದ ಬಾಗಿಲಲ್ಲೂ ಬಗ್ಗಿಯೇ ದಾಟುತ್ತಿದ್ದಳು. ನೀವು ನೋಡಿ ನಗುತ್ತಿದ್ದಿರಿ. ಆಕೆಯೂ ನಗುತ್ತಿದ್ದಳು.